ಹಿಟ್ಟಿನ ಮೇಲೆ ಹಾಕಿದ ನೋವು

ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ನರ್ಸ್ ಹುಡುಗಿಯರು ನನ್ನನ್ನು ಕಂಡಾಗಲೆಲ್ಲ ಕೇಳುವುದು ಒಂದೇ ಮಾತು. ವಾಸಿಯಾಗದ ರೋಗಿಗಳ ಮನೆಗೆ ದಿನಾ ಹೋಗಿ ಬಂದ ಮೇಲೆ ನಿಮಗೆ ಊಟ ಹೇಗೆ ಸೇರುತ್ತಿತ್ತು ಎಂದು. ಚೆನ್ನಾಗಿಯೇ ಸೇರುತ್ತಿತ್ತು. ಹೋದ ಮನೆಯಲ್ಲೆಲ್ಲ ಚಹಾ ಕುಡಿಸುತ್ತಿದ್ದರು, ಅರ್ಧ ಮನೆಗಳಲ್ಲಿ ರೊಟ್ಟಿ ಪಲ್ಯ ಕಟ್ಟಿಯೂ ಕೊಡುತ್ತಿದ್ದರು. ನನ್ನ ಮೈಕಟ್ಟು ನೋಡಿದರೆ ಇದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ. ಆ ಹುಡುಗಿಯರು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ರೋಗಿ ತನಗೆ ನೋವಿದೆ ಎಂದು ಬಾಯಿಬಿಟ್ಟು ಹೇಳದಿದ್ದರೆ ಅದನ್ನು ಕಂಡುಹಿಡಿಯುವುದು ಹೇಗೆ ಎನ್ನುವುದು ಆ ಪ್ರಶ್ನೆ. ಇದು ನನಗೆ ಗೊತ್ತಾಗಲು ಇಪ್ಪತ್ತು ವರ್ಷ ಹಿಡಿಯಿತು. ಅವರಿಗೆ ಅಷ್ಟು ದಿನ ಹಿಡಿಯಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ಕೆಲಸ ಶುರುವಾದದ್ದು ಗುರುಮಠಕಲ್ ಕಡೆಯ ಒಂದು ಹಳ್ಳಿಯಲ್ಲಿ. ಅಲ್ಲಿ ಮುಂಜಾನೆ ಕನ್ನಡದಲ್ಲಿ ಬೈಸಿಕೊಂಡು ಮಧ್ಯಾಹ್ನ ತೆಲುಗಿನಲ್ಲಿ ಬೈಸಿಕೊಳ್ಳುತ್ತಿದ್ದೆ. ಆಮೇಲೆ ಯಾದಗಿರಿಗೆ ಬಂದು ಒಂದು ಆಸ್ಪತ್ರೆಯ ವಾರ್ಡಿನಲ್ಲಿ ಬಹಳ ವರ್ಷ ದುಡಿದೆ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ, ಅಲ್ಲಿ ನಡೆದ ತಪ್ಪುಗಳಲ್ಲಿ ನನ್ನವೂ ಸಾಕಷ್ಟಿವೆ. ಕೊನೆಯ ಹತ್ತು ವರ್ಷ ಮಾತ್ರ ಊರೂರು ತಿರುಗಿ, ಮನೆಮನೆಗೆ ಹೋಗಿ ನೋವು ಇಳಿಸುವ ತಂಡದಲ್ಲಿದ್ದೆ. ಸರ್ಕಾರಿ ಕಾಗದದಲ್ಲಿ ಅದಕ್ಕೆ ಉಪಶಾಮಕ ಆರೈಕೆ ಎಂಬ ಹೆಸರು. ಶಹಾಪುರ ಸುರಪುರದ ಹಳ್ಳಿಗಳಲ್ಲಿ ಅಷ್ಟುದ್ದದ ಮಾತು ಯಾರಿಗೂ ಬೇಕಾಗಲಿಲ್ಲ. ನಮ್ಮ ಜೀಪನ್ನು ಅವರು ‘ನೋವಿನ ಗಾಡಿ’ ಎಂದು ಕರೆದರು, ಆ ಹೆಸರೇ ಉಳಿಯಿತು.

ವಾರ್ಡಿನ ಕಾಲದ ನನ್ನ ಮೇಲಧಿಕಾರಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಅವರನ್ನು ದೊಡ್ಡ ಸಾಹೇಬರು ಎಂದೇ ಕರೆಯುತ್ತಿದ್ದೆವು. ಕೈಗುಣ ಚೆನ್ನಾಗಿತ್ತು, ಬಡವರ ಮೇಲೆ ಕರುಣೆಯೂ ಇತ್ತು. ಆದರೆ ಮಾರ್ಫಿನ್ ಅಂದರೆ ಸಾಕು, ಅವರಿಗೆ ಪೊಲೀಸರೂ ಕೋರ್ಟೂ ಕಣ್ಣಮುಂದೆ ಬರುತ್ತಿದ್ದವು. ಅದನ್ನು ಇಟ್ಟಿದ್ದ ಕಪಾಟಿನ ಕೀಲಿಕೈ ಅವರ ಉಡದಾರದಲ್ಲೇ ಇರುತ್ತಿತ್ತು. ಆ ಕಪಾಟು ತೆರೆಯಬೇಕೆಂದರೆ ಸಾಹೇಬರು ಅಂಗಿ ಎತ್ತಬೇಕು, ಅವರಿಗೆ ಅಂಗಿ ಎತ್ತಿ ಎಂದು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗಿತ್ತು? ಹಾಗಾಗಿ ಕ್ಯಾನ್ಸರಿನ ನೋವಿಗೂ ಹಲ್ಲುನೋವಿಗೂ ನಮ್ಮಲ್ಲಿ ಹೆಚ್ಚುಕಡಿಮೆ ಒಂದೇ ಸೂಜಿ.

ಒಮ್ಮೆ ಮುದನಾಳದ ಒಬ್ಬ ರೈತನನ್ನು ತಂದು ಸೇರಿಸಿದ್ದರು. ರೋಗ ಎಲುಬಿಗೆ ಇಳಿದಿತ್ತು. ಸೂಜಿ ಕೊಟ್ಟು ಎರಡು ತಾಸಿಗೆ ಅವನು ಹಾಸಿಗೆಯ ಚಾದರ ಕಚ್ಚಲು ಶುರು ಮಾಡುತ್ತಿದ್ದ. ಅವನ ಹೆಂಡತಿ ನನ್ನ ಹಿಂದೆ ಹಿಂದೆ ಬಂದು ಇನ್ನೊಂದು ಸೂಜಿ ಕೊಡಿ ಎಂದು ಬೇಡಿಕೊಳ್ಳುತ್ತಿದ್ದಳು. ಆರು ತಾಸು ಆಗಬೇಕು, ಸುಮ್ಮನೆ ಕೂತುಕೋ ಎಂದು ನಾನು ಗದರಿದೆ. ಮೂರನೆಯ ದಿನ ಆಕೆ ಗಂಡನನ್ನು ಮನೆಗೆ ಕರೆದುಕೊಂಡು ಹೋದಳು. ನಿಯಮ ಮುರಿಯಲಿಲ್ಲವೆಂದು ಅಂದು ನಾನು ತಲೆಯೆತ್ತಿಕೊಂಡು ಮನೆಗೆ ಹೋಗಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಅದನ್ನು ಮುಚ್ಚಿಟ್ಟು ಬರೆದರೆ ಈ ಬರಹಕ್ಕೆ ಅರ್ಥವಿಲ್ಲ.

ಆಮೇಲೆ ಬಂದವರು ನಮ್ಮ ನೋವಿನ ಗಾಡಿಯ ಡಾಕ್ಟರು, ನಸೀಮಾ ಮೇಡಂ. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು, ನನ್ನ ಭುಜದಷ್ಟು ಎತ್ತರ, ಮಾತು ಮಾತ್ರ ಮದ್ದಿನ ಪಟಾಕಿ. ನೋವಿಗೆ ಚಿಕಿತ್ಸೆ ಕೊಡುವುದನ್ನೇ ಪ್ರತ್ಯೇಕವಾಗಿ ಓದಿಕೊಂಡು ಬಂದಿದ್ದರು. ಬಾಯಿಂದ ನುಂಗುವ ಮಾರ್ಫಿನ್ ಗುಳಿಗೆಯನ್ನು ಗಡಿಯಾರ ನೋಡಿ ನಾಲ್ಕು ತಾಸಿಗೊಮ್ಮೆ ಕೊಡಬೇಕು, ನೋವು ಬರಲಿ ಎಂದು ಕಾಯಬಾರದು ಎಂದರು. ಚಟ ಹತ್ತುವುದಿಲ್ಲವೇ ಎಂದು ನಾನು ಕೇಳಿದೆ. ಅವರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ನಮ್ಮ ನರಗಳ ತುದಿಯಲ್ಲಿ ಬೀಗದ ಹಾಗೆ ಸಣ್ಣ ಸಣ್ಣ ಕೀಲಿಗಳಿವೆಯಂತೆ, ಅವನ್ನು ತಿರುಗಿಸಿ ನೋವು ಇಳಿಸಲು ನಮ್ಮ ದೇಹವೇ ಕೀಲಿಕೈಯಂಥ ಒಂದು ವಸ್ತು ತಯಾರಿಸುತ್ತದಂತೆ. ಮಾರ್ಫಿನ್ನಿನ ಅಣುವಿನ ಆಕಾರವೂ ಅದರ ಹಾಗೇ ಇರುವುದರಿಂದ ಅದೇ ಕೀಲಿಯಲ್ಲಿ ಕೂರುತ್ತದೆ. ನೋವಿರುವವನಿಗೆ ಸರಿಯಾದ ಅಳತೆಯಲ್ಲಿ, ವೈದ್ಯರ ಕಣ್ಣೆದುರು ಕೊಟ್ಟರೆ ನೀವು ಹೆದರಿದಂಥ ಚಟ ಹತ್ತುವುದು ಅಪರೂಪ ಎಂದು ವಿವರಿಸಿದರು. ಅಣುವಿನ ಆಕಾರ ಕಟ್ಟಿಕೊಂಡು ನನಗೇನು ಎಂದು ಅಂದು ಮನಸ್ಸಿನಲ್ಲೇ ಅಂದುಕೊಂಡಿದ್ದೆ. ಮುಂದೆ ನೂರಾರು ಮನೆಗಳ ಪಡಸಾಲೆಯಲ್ಲಿ ಕೂತು ನಾನೇ ಆ ಚಿತ್ರ ಬರೆದು ತೋರಿಸಿದೆ.

ಪರವಾನಗಿ ತರಲು ಮೇಡಂ ಪಟ್ಟ ಪಾಡು ಒಂದೆರಡಲ್ಲ. ಒಂದು ಕಚೇರಿಯವರು ಇನ್ನೊಂದು ಕಚೇರಿಗೆ ಕಳಿಸಿದರು, ಆ ಕಚೇರಿಯವರು ಕಪಾಟು ತೋರಿಸಿ ಎಂದರು. ಎರಡು ಕೀಲಿಯ ಕಪಾಟು ಮಾಡಿಸಿದೆವು. ನೋಡಲು ಬಂದ ಅಧಿಕಾರಿ ಅದನ್ನು ತಟ್ಟಿ ತಟ್ಟಿ ಪರೀಕ್ಷಿಸಿ, ಇಲಿ ಹೊಕ್ಕರೆ ಏನು ಮಾಡುತ್ತೀರಿ ಎಂದು ಕೇಳಿದರು. ಇಲಿಗೂ ನೋವಿದ್ದರೆ ಅದೂ ಒಂದು ತಿನ್ನಲಿ ಬಿಡಿ ಎಂದು ನಾನು ಅಂದೆ. ಮೇಡಂ ನನ್ನ ಕಾಲು ತುಳಿದರು. ಕಡೆಗೂ ಪರವಾನಗಿ ಬಂತು. ಮೊದಲ ಡಬ್ಬಿ ಗುಳಿಗೆ ಕೈಗೆ ಬಂದ ದಿನ ನಮ್ಮ ಸಣ್ಣ ಕೋಣೆಯಲ್ಲಿ ಪೇಢೆ ಹಂಚಿದೆವು. ಮಗ ಹುಟ್ಟಿದಷ್ಟು ಸಂತೋಷವಾಗಿತ್ತು ನನಗೆ.

ಗುಳಿಗೆ ಬಂದರೆ ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ನಿಜವಾದ ಪಾಠ ಕಲಿಸಿದ್ದು ಶಹಾಪುರ ತಾಲ್ಲೂಕಿನ ಸಗರದ ಶರಣಮ್ಮ.

ಶರಣಮ್ಮನಿಗೆ ಐವತ್ತೈದರ ಆಸುಪಾಸು. ಎದೆಯ ಕ್ಯಾನ್ಸರ್ ಆಪರೇಷನ್ ಆಗಿ, ಈಗ ರೋಗ ಬೆನ್ನಿಗೂ ಪಕ್ಕೆಲುಬಿಗೂ ಬಂದಿತ್ತು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆಯಲ್ಲಿ ಮಗ, ಸೊಸೆ ಮಹಾದೇವಿ, ಮನೆಯ ಹಿರಿಯರಾಗಿ ಗಂಡನ ಅಣ್ಣ ಚೆನ್ನಬಸಪ್ಪ. ಮೊದಲ ಸಲ ಹೋದಾಗ ಚೆನ್ನಬಸಪ್ಪನವರು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ಶರಣಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲ ಮರೆಯಲ್ಲಿ ಬಂದು ಕೂತರು. ಭಾವನ ಎದುರು ಆಕೆ ದನಿಯೆತ್ತಿ ಮಾತಾಡಿದವರಲ್ಲ. ಹೇಗಿದ್ದೀರಿ ಎಂದು ಕೇಳಿದೆ. ಆರಾಮಿದ್ದೇನೆ ಎಂದರು. ನೋವು ಎಷ್ಟಿದೆ, ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಹೇಳಿ ಎಂದೆ. ಅಂಕಿ ಹೇಳಲಿಲ್ಲ. ನಗುವ ಮುಖ, ಅಳುವ ಮುಖದ ಚಿತ್ರಗಳಿರುವ ಹಾಳೆ ತೋರಿಸಿದೆ. ಆಕೆ ಎಲ್ಲಕ್ಕಿಂತ ಚೆಂದ ನಗುತ್ತಿದ್ದ ಮುಖದ ಮೇಲೆ ಬೆರಳಿಟ್ಟು, ನನಗೆ ಚಹಾ ತರಲು ಸೊಸೆಗೆ ಹೇಳಿದರು.

ನಾನು ಫಾರ್ಮಿನಲ್ಲಿ ‘ನೋವು: ಸೊನ್ನೆ’ ಎಂದು ಬರೆದೆ. ಮೂರು ಸಲ ಹೋದೆ, ಮೂರು ಸಲವೂ ಸೊನ್ನೆ. ಇಂಥ ಎಲುಬಿನ ರೋಗಕ್ಕೆ ಸೊನ್ನೆ ಹೇಗೆ ಬರುತ್ತದೆ ಎಂದು ಮೇಡಂ ಕೇಳಿದರು. ರೋಗಿ ಹೇಳಿದ್ದನ್ನೇ ಬರೆದಿದ್ದೇನೆ ಎಂದು ನಾನು ಮುಖ ಗಂಟು ಹಾಕಿಕೊಂಡೆ. ಇದು ನನ್ನ ವೃತ್ತಿಯ ದೊಡ್ಡ ತಪ್ಪು. ನಾನು ಹುಟ್ಟಿದ್ದೇ ಇಂಥ ಮನೆಯಲ್ಲಿ. ಬಿಸಿಲಲ್ಲಿ ಮನೆಗೆ ಬಂದವರ ಮುಂದೆ ನಮ್ಮವರು ಸಂಕಟ ತೋಡಿಕೊಳ್ಳುವುದಿಲ್ಲ, ಮೊದಲು ನೀರು ಕೊಟ್ಟು ಆರಾಮಿದ್ದೇವೆ ಎನ್ನುತ್ತಾರೆ. ನೋವಿದೆ ಎಂದರೆ ಸೊಸೆ ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂದಂತಾಗುತ್ತದೆ. ಅದೂ ಎದೆಯ ನೋವನ್ನು ಭಾವನ ಎದುರು ಹೇಳುವುದುಂಟೇ? ಇಷ್ಟೆಲ್ಲ ಗೊತ್ತಿದ್ದೂ ಕೈಯಲ್ಲಿ ಫಾರ್ಮ್ ಹಿಡಿದ ಕೂಡಲೇ ಪರದೇಶದವಳ ಹಾಗೆ ಅಂಕಿ ಕೇಳುತ್ತಾ ಕೂತಿದ್ದೆ.

ನಾಲ್ಕನೆಯ ಸಲ ಹೋದಾಗ ಶರಣಮ್ಮ ಹಿತ್ತಲಲ್ಲಿದ್ದರು. ನಾನು ಅಡುಗೆಮನೆಗೆ ಹೋಗಿ ಮಹಾದೇವಿಯ ಹತ್ತಿರ ಕೂತೆ. ಒಲೆಯ ಪಕ್ಕದ ಬುಟ್ಟಿಯಲ್ಲಿ ರೊಟ್ಟಿಗಳಿದ್ದವು. ಮೇಲಿನ ಎರಡು ಅಂಚು ಹರಿದು, ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಇದ್ದವು. ಇವನ್ನು ಯಾರು ಮಾಡಿದರು, ಕಲಿಯುತ್ತಿರುವ ಹುಡುಗಿ ಯಾರಾದರೂ ಇದ್ದಾಳೆಯೇ ಎಂದು ತಮಾಷೆ ಮಾಡಿದೆ. ಮಹಾದೇವಿ ನಗಲಿಲ್ಲ.

“ಅತ್ತಿಯವ್ರು ಮಾಡ್ಯಾರ್ರಿ,” ಅಂದಳು. “ಮೊದಲ ಕುಂತರ ಇಪ್ಪತ್ತು ರೊಟ್ಟಿ ಬಡದೇ ಏಳತಿದ್ರು. ಈಗ ಎರಡು ಬಡದು ಏಳತಾರ. ಕೇಳಿದ್ರ ಹಿಟ್ಟು ಚಲೋ ಇಲ್ಲ ಅಂತಾರ. ಎರಡು ಸಲ ಗಿರಣಿ ಬದಲಿ ಮಾಡೀವ್ರಿ.”

ನನ್ನ ಕೈಯಲ್ಲಿದ್ದ ಚಹಾ ಹಾಗೇ ಉಳಿಯಿತು. ಅಷ್ಟರಲ್ಲಿ ಶರಣಮ್ಮ ಒಳಗೆ ಬಂದರು. ನಾನು ನೋವಿನ ಮಾತೇ ಎತ್ತಲಿಲ್ಲ. ಹಿಟ್ಟು ಸರಿಯಿಲ್ಲವಂತೆ, ನೋಡೋಣ ಎಂದು ರೊಟ್ಟಿ ಬಡಿಯುವ ಮರದ ಕೊಣಮಿಗೆ ಎಳೆದುಕೊಂಡು, ಬಿಸಿನೀರು ಹಾಕಿ ಹಿಟ್ಟು ನಾದಿ ಒಂದು ರೊಟ್ಟಿ ಬಡಿದೆ. ಹಿಟ್ಟು ಬೆಣ್ಣೆಯ ಹಾಗಿತ್ತು. ರೊಟ್ಟಿ ಚಂದ್ರನಷ್ಟು ದುಂಡಗೆ ಬಂದು, ಹೆಂಚಿನ ಮೇಲೆ ಉಬ್ಬಿ ನಿಂತಿತು.

“ಶರಣಮ್ಮನವ್ರ, ಹಿಟ್ಟಿನ ಮ್ಯಾಲ ಯಾಕ ಹಾಕ್ತೀರಿ?” ಅಂದೆ. “ಹಿಟ್ಟು ಚಲೋ ಅದ. ಬಡಿಯೋವಾಗ ಎಲ್ಲಿ ಹಿಡೀತದ, ಅದನ್ನ ಹೇಳ್ರಿ.”

ಆಕೆ ಎಡಗೈ ತಂದು ಬಲಪಕ್ಕೆಯ ಮೇಲಿಟ್ಟುಕೊಂಡರು.

“ಇಲ್ಲಿ ಚಾಕು ಇಟ್ಟಂಗ ಆಗತದ್ರಿ. ನಿದ್ದಿ ಹತ್ತಿ ತಿಂಗಳಾತು. ಎಳ್ಳ ಅಮಾಸಿ ಬರಾಕತ್ತದ, ಸಜ್ಜಿ ರೊಟ್ಟಿ ನಾ ಬಡೀಲಿಲ್ಲಂದ್ರ ಹೊಲಕ್ಕ ಯಾವ ಮಾರಿ ತಗೊಂಡು ಹೋಗಲಿ?”

ಗೊತ್ತಿಲ್ಲದವರಿಗೆ ಹೇಳಬೇಕು. ಎಳ್ಳಮಾವಾಸ್ಯೆಗೆ ನಮ್ಮ ಕಡೆ ಮನೆಮಂದಿಯೆಲ್ಲ ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋಗಿ, ತಂದ ಅಡುಗೆಯಲ್ಲಿ ಸ್ವಲ್ಪವನ್ನು ಪೈರಿಗೆ ಚರಗವೆಂದು ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತಾರೆ. ಮದುವೆಯಾಗಿ ಬಂದಾಗಿನಿಂದ ಆ ಮನೆಯ ಹಬ್ಬದ ರೊಟ್ಟಿ ಶರಣಮ್ಮನ ಕೈಯದೇ. ಇನ್ನು ಎಷ್ಟು ಹಬ್ಬ ತನ್ನ ಪಾಲಿಗಿದೆ ಎನ್ನುವುದು ಆಕೆಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಹಬ್ಬಕ್ಕೆ ಮೂರು ವಾರ ಉಳಿದಿತ್ತು. ಆಕೆಯನ್ನು ಹೊಲದಲ್ಲಿ ಕೂರಿಸಿಯೇ ತೀರುತ್ತೇನೆ ಎಂದು ಮಾತು ಕೊಟ್ಟು ನಾನು ಹಟ ತೊಟ್ಟೆ.

ಮೇಡಂ ಮರುದಿನವೇ ಬಂದು ನೋಡಿ ಮಾರ್ಫಿನ್ ಶುರು ಮಾಡಿದರು. ಮುಂದಿನ ವಾರ ಕಲಬುರಗಿಗೆ ಕಳಿಸಿ ಬೆನ್ನಿಗೆ ಒಂದೇ ಒಂದು ಸಲ ರೇಡಿಯೇಷನ್ ಕೊಡಿಸಿದರು. ಹಿಂದೆ ಇದಕ್ಕೆ ದಿನಗಟ್ಟಲೆ ಅಲ್ಲೇ ಉಳಿಯಬೇಕಿತ್ತು. ಎಲುಬಿನ ನೋವಿಗೆ ಅನೇಕರಿಗೆ ಒಂದೇ ಸಲ ಸಾಕಾಗುತ್ತದೆ ಎಂಬುದು ಈಚೆಗೆ ತಿಳಿದ ಸಂಗತಿ. ಗಡಿಯಾರದ ಜವಾಬ್ದಾರಿ ಮಹಾದೇವಿಯದು. ಆಕೆಯ ಮೊಬೈಲಿನಲ್ಲಿ ನಾಲ್ಕು ತಾಸಿಗೊಮ್ಮೆ ಗಂಟೆ ಹೊಡೆಯುವ ಹಾಗೆ ಮಾಡಿಕೊಟ್ಟು, ಜಗತ್ತು ಗೆದ್ದವಳ ಹಾಗೆ ಜೀಪು ಹತ್ತಿದೆ.

ಗುಳಿಗೆ ಶುರುವಾದ ಮೂರನೆಯ ದಿನ ಚೆನ್ನಬಸಪ್ಪನವರ ಫೋನು ಬಂತು. ಬೈಗುಳವೆಲ್ಲ ಬರೆಯುವಂಥದ್ದಲ್ಲ. ಮನೆಯ ಹೆಣ್ಣುಮಗಳಿಗೆ ಅಫೀಮು ತಿನ್ನಿಸಿ ಮಲಗಿಸಿದ್ದೀರಿ, ಎರಡು ದಿನದಿಂದ ಆಕೆ ಕಣ್ಣು ಬಿಟ್ಟಿಲ್ಲ, ಗುಳಿಗೆ ನಿಲ್ಲಿಸಿದ್ದೇನೆ, ಇನ್ನು ಈ ಮನೆಗೆ ಕಾಲಿಡಬೇಡಿ ಎನ್ನುವುದು ಅದರ ಸಾರ. ತಪ್ಪು ನನ್ನದೇ. ಮೊದಲ ಎರಡು ಮೂರು ದಿನ ಜೊಂಪು ಬರುತ್ತದೆ, ತಿಂಗಳುಗಟ್ಟಲೆ ಇಲ್ಲದ ನಿದ್ದೆಯೂ ಸೇರಿ ಬರುತ್ತದೆ, ಹೆದರಬೇಡಿ ಎಂದು ಆ ಹಿರಿಯರಿಗೆ ನಾನು ಹೇಳಿಯೇ ಇರಲಿಲ್ಲ. ಅಡುಗೆಮನೆಯಲ್ಲಿ ಗೆದ್ದ ಖುಷಿಯಲ್ಲಿ ಪಡಸಾಲೆಯನ್ನು ಮರೆತಿದ್ದೆ.

ಕಾಲಿಡಬೇಡಿ ಎಂದ ಮನೆಗೇ ಮೇಡಂ ಜೊತೆ ಹೋದೆ. ಶರಣಮ್ಮ ಎದ್ದಿದ್ದರು, ನೋವು ಮರಳಿ ಬಂದು ಮುಖ ಕಪ್ಪಿಟ್ಟಿತ್ತು. ಮೇಡಂ ಒಳಗೆ ಹೋಗಿ ಉಸಿರು, ನಾಡಿ ಎಲ್ಲ ಪರೀಕ್ಷೆ ಮಾಡಿ, ಅಳತೆ ಸರಿಯಾಗಿದೆ ಎಂದರು. ಚೆನ್ನಬಸಪ್ಪನವರು ಕಂಬ ಬಿಟ್ಟು ಎದ್ದು ನಿಂತಿದ್ದರು.

“ಗೌಡ್ರ, ತಪ್ಪು ನಂದೇ ಅದ,” ಅಂದೆ. “ನಿಮಗ ಮೊದಲ ಹೇಳಬೇಕಾಗಿತ್ತು. ಇವತ್ತು ಸಂಜಿತನಕ ನಾ ಇಲ್ಲೇ ಕೂಡತೀನಿ. ನಿಮ್ಮ ಕಣ್ಣೆದುರು ಗುಳಿಗಿ ಕೊಡತೀನಿ. ಆಕಿಗಿ ಏನಾರ ಆದ್ರ ನನ್ನನ್ನ ಇದ ಕಂಬಕ್ಕ ಕಟ್ಟ್ರಿ.”

ಅವರು ಮತ್ತೆ ಕಂಬಕ್ಕೆ ಒರಗಿ ಕೂತರು. ನಾನೂ ಕೂತೆ. ಕೀಲಿ ಕೀಲಿಕೈಯ ಚಿತ್ರ ಬರೆದು ತೋರಿಸಿದೆ. ಅಫೀಮಿಗೂ ಇದಕ್ಕೂ ನೆಂಟಸ್ತನ ಇರುವುದು ನಿಜ, ಆದರೆ ಅಳತೆ ತಪ್ಪದೆ ಕೊಟ್ಟರೆ ಔಷಧಿ ಎಂದು ಮುಚ್ಚುಮರೆ ಇಲ್ಲದೆ ಹೇಳಿದೆ. ಮುಂಜಾನೆಯ ಗುಳಿಗೆ ಕೊಟ್ಟ ಮುಕ್ಕಾಲು ತಾಸಿಗೆ ಶರಣಮ್ಮನ ಹುಬ್ಬು ಸಡಿಲವಾಯಿತು. ಮಧ್ಯಾಹ್ನ ಒಂದು ರೊಟ್ಟಿ ತಿಂದರು. ಎರಡನೆಯ ಗುಳಿಗೆಯ ನಂತರ ಒಳಗಿನಿಂದ ಆಕೆ ಮಹಾದೇವಿಗೆ ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಗದರಿದ್ದು ಪಡಸಾಲೆಗೆ ಕೇಳಿಸಿತು. ಚೆನ್ನಬಸಪ್ಪನವರು ತಲೆಯೆತ್ತಿ ಆ ಕಡೆ ನೋಡಿದರು. ಬಹಳ ತಿಂಗಳ ಮೇಲೆ ಆಕೆಯ ಗಟ್ಟಿ ದನಿ ಕೇಳಿದ್ದಂತೆ. ನಾನು ಹೊರಡುವಾಗ ಅವರೇ ಬಂದು ಜೀಪಿನ ಬಾಗಿಲು ಹಾಕಿದರು.

ಮುಂದೆ ಇನ್ನೊಂದು ತೊಡಕು ಬಂತು, ಅದನ್ನು ನಾಚಿಕೆಯಿಲ್ಲದೆ ಬರೆಯುತ್ತೇನೆ. ಮಾರ್ಫಿನ್ ಕೊಟ್ಟ ದಿನವೇ ಹೊಟ್ಟೆ ಸಡಿಲವಾಗುವ ಔಷಧಿಯನ್ನೂ ಕೊಡಬೇಕು. ಕೊಟ್ಟಿದ್ದೆವು, ಆದರೆ ಇಷ್ಟೊಂದು ಗುಳಿಗೆ ಯಾಕೆ ಎಂದು ಶರಣಮ್ಮ ಅದನ್ನು ಬಿಟ್ಟಿದ್ದರು. ಐದು ದಿನ ಹೊಟ್ಟೆ ಕಟ್ಟಿ ಒದ್ದಾಡಿ ಮಾರ್ಫಿನ್ನನ್ನೇ ಶಪಿಸತೊಡಗಿದರು. ಹುಡುಗಿಯರೇ, ಅಣುವಿನ ಆಕಾರ ಮರೆತರೂ ಚಿಂತೆಯಿಲ್ಲ, ಇದನ್ನು ಮರೆಯಬೇಡಿ. ಎಷ್ಟೋ ಮನೆಗಳಲ್ಲಿ ಮಾರ್ಫಿನ್ ಸೋತಿರುವುದು ನೋವಿಗಲ್ಲ, ಪಾಯಿಖಾನೆಗೆ.

ಆ ಮೂರು ವಾರ ನಾನು ಫೋನಿನಲ್ಲಿ ಕೇಳುತ್ತಿದ್ದದ್ದು ಒಂದೇ ಲೆಕ್ಕ, ಇವತ್ತು ಎಷ್ಟು ರೊಟ್ಟಿ ಎಂದು. ಮೊದಲ ವಾರ ಮೂರು. ಮೇಡಂ ಅಳತೆ ಸ್ವಲ್ಪ ಏರಿಸಿದರು. ಆಮೇಲೆ ಆರು. ಒಂದು ದಿನ ಒಂಬತ್ತು ಎಂದು ಮಹಾದೇವಿ ಹೇಳಿದಾಗ ಫೋನು ಹಿಡಿದು ಬಸ್ ಸ್ಟ್ಯಾಂಡಿನಲ್ಲೇ ಕುಣಿದಾಡುವಂತಾಯಿತು. ಮೇಡಂ ನಮ್ಮ ಫಾರ್ಮಿನಲ್ಲಿ ಅಂಕಿಯ ಕೆಳಗೆ ಹೊಸ ಸಾಲು ಸೇರಿಸಿದರು: ‘ನೋವಿನಿಂದ ಇಂದು ಬಿಟ್ಟ ಕೆಲಸ ಯಾವುದು?’ ಸುರಪುರದ ಒಬ್ಬ ಮುದುಕರಿಗೆ ನಮಾಜಿನಲ್ಲಿ ಹಣೆ ನೆಲಕ್ಕೆ ಮುಟ್ಟಿತೋ ಇಲ್ಲವೋ ಎಂದು ಕೇಳುತ್ತಿದ್ದೆವು. ಗುರುಮಠಕಲ್ಲಿನ ಒಬ್ಬ ಅಜ್ಜಿಗೆ ಮೊಮ್ಮಗಳ ಜಡೆ ಹಾಕಿದಿರಾ ಎಂದು ತೆಲುಗಿನಲ್ಲಿ ಕೇಳುತ್ತಿದ್ದೆ. ಅಂಕಿ ಹೇಳದವರೆಲ್ಲ ಇದಕ್ಕೆ ಉತ್ತರ ಹೇಳಿದರು. ಹೊರಗಿನ ವೈದ್ಯರ ಸಭೆಯೊಂದರಲ್ಲಿ ಮೇಡಂ ಆ ಫಾರ್ಮ್ ತೋರಿಸಿ, ಇದು ನಮ್ಮ ಸಿಸ್ಟರ್ ಕೊಣಮಿಗೆಯಲ್ಲಿ ಕಂಡುಹಿಡಿದದ್ದು ಎಂದರಂತೆ. ಅದನ್ನು ಕೇಳಿ ನಾನು ವಾರವಿಡೀ ನೆಲಕ್ಕೆ ಕಾಲೂರಲಿಲ್ಲ, ಯಾಕೆ ಊರಬೇಕು?

ಮುಂದೇನಾಯಿತು ಎಂದು ನೀವು ಕಾಯಬಾರದೆಂದು ಈಗಲೇ ಹೇಳುತ್ತೇನೆ. ಶರಣಮ್ಮ ಯುಗಾದಿಗೆ ಮುಂಚೆ ತೀರಿಕೊಂಡರು, ತಮ್ಮ ಮನೆಯಲ್ಲೇ, ಸೊಸೆಯ ಮಡಿಲಲ್ಲಿ, ನೋವಿಲ್ಲದೆ. ಅದು ನಮ್ಮ ಸೋಲು ಎಂದು ನಾನು ಒಂದು ದಿನವೂ ಅಂದುಕೊಂಡಿಲ್ಲ. ಆ ರೋಗವನ್ನು ಗೆಲ್ಲುತ್ತೇವೆ ಎಂದು ನಾವು ಯಾರಿಗೂ ಮಾತು ಕೊಟ್ಟಿರಲಿಲ್ಲ. ಕೊಟ್ಟ ಮಾತು ಎಳ್ಳಮಾವಾಸ್ಯೆಯದು.

ಆ ದಿನ ನನಗೂ ಕರೆಯಿತ್ತು. ಹೊಲ ಊರಿಂದ ಎರಡು ಮೈಲಿ, ದಾರಿ ಬರೀ ಕುಲುಕಾಟ. ಹೊರಡುವ ಅರ್ಧ ತಾಸು ಮುಂಚೆ ಒಂದು ಹೆಚ್ಚಿನ ಗುಳಿಗೆ ನುಂಗಿಸಿ, ಟ್ರ್ಯಾಕ್ಟರಿನಲ್ಲಿ ಹತ್ತಿಯ ಗಾದಿ ಹಾಸಿ ಕರೆತಂದಿದ್ದರು. ಹಿಂದಿನ ಎರಡು ದಿನ ಸೊಸೆಯ ಜೊತೆ ಕೂತು, ನಡುನಡುವೆ ಮಲಗಿ ಎದ್ದು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗಳನ್ನು ಶರಣಮ್ಮ ತಾವೇ ಬಡಿದಿದ್ದರು. ಎಷ್ಟು ಎಂದು ಕೇಳಿದರೆ ಹಬ್ಬದ ರೊಟ್ಟಿ ಎಣಿಸಬಾರದು ಎಂದು ನನಗೇ ಬೈದರು. ಎದೆಯೆತ್ತರದ ಬಿಳಿಜೋಳದ ನಡುವೆ ಮಗ ಚರಗ ಚೆಲ್ಲಿ ಬಂದ. ಎಲ್ಲರೂ ಬೇವಿನ ಮರದ ಕೆಳಗೆ ಊಟಕ್ಕೆ ಕೂತೆವು. ಶರಣಮ್ಮ ಕಾಂಡಕ್ಕೆ ಒರಗಿ ಕೂತು, ಯಾರ ತಾಟಿನಲ್ಲಿ ಏನು ಕಡಿಮೆಯಾಗಿದೆ ಎಂದು ನೋಡುತ್ತಿದ್ದರು. ನಾನು ಭಜ್ಜಿಯನ್ನು ಮೂರನೆಯ ಸಲ ಹಾಕಿಸಿಕೊಳ್ಳುತ್ತಿದ್ದೆ. ನನ್ನ ಕಣ್ಣು ತುಂಬಿದ್ದು ಖಾರಕ್ಕಲ್ಲ ಎಂದು ಮಹಾದೇವಿಗೆ ಗೊತ್ತಿತ್ತು.

ಚೆನ್ನಬಸಪ್ಪನವರು ಸ್ವಲ್ಪ ದೂರದಲ್ಲಿ ಕೂತಿದ್ದರು. ನೀರಿಗೆಂದು ಏಳಲು ಹೋಗಿ, ಸೊಂಟ ಹಿಡಿದುಕೊಂಡು ಅರ್ಧಕ್ಕೆ ನಿಂತರು. ಏನೂ ಆಗಿಲ್ಲದವರ ಹಾಗೆ ಮತ್ತೆ ಕೂತು, ಹೊಲದ ಕಡೆ ಮುಖ ಮಾಡಿದರು. ಶರಣಮ್ಮ ಅದನ್ನು ನೋಡಿದರು. ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು ನನ್ನ ಕಡೆ ತಿರುಗಿ, ಅಲ್ಲಿಯ ಎಲ್ಲರಿಗೂ ಕೇಳುವ ಹಾಗೆ ಮಾತಾಡಿದರು.

“ಸಿಸ್ಟರ್, ಭಾವನವ್ರನ್ನ ಒಂದೀಟು ಕೇಳ್ರಿ. ಈ ಮನ್ಯಾಗ ನೋವು ಮುಚ್ಚಿಟ್ಟಾಕಿ ನಾ ಒಬ್ಬಾಕಿ ಅಲ್ಲ.”

ಆ ಮನೆಗೆ ಬಂದು ಮೂವತ್ತು ಮೂವತ್ತೈದು ವರ್ಷದಲ್ಲಿ ಭಾವನ ವಿಷಯವಾಗಿ ಆಕೆ ಹೀಗೆ ದನಿ ತೆಗೆದದ್ದು ಅದೇ ಮೊದಲು. ಚೆನ್ನಬಸಪ್ಪನವರ ಮುಖ ಕೆಂಪಾಯಿತು. ಬೈಯುತ್ತಾರೆ ಎಂದುಕೊಂಡೆ. ಅವರು ತಾಟಿನಲ್ಲಿದ್ದ ರೊಟ್ಟಿಯ ತುಣುಕನ್ನು ನೋಡುತ್ತಾ ನೋಡುತ್ತಾ ನಕ್ಕುಬಿಟ್ಟರು.

ನಾನು ಕೈ ತೊಳೆದುಕೊಂಡು ಹೋಗಿ ಅವರ ಎದುರು ಮಣ್ಣಿನ ಮೇಲೆ ಕೂತೆ. ಎಷ್ಟು ದಿನವಾಯಿತು ಎಂದು ಕೇಳಿದೆ.

“ದಿನ ಅಲ್ರಿ ಸಿಸ್ಟರ್,” ಅಂದರು ಅವರು, “ನಾಕು ವರ್ಷ ಆತು.” ಆಮೇಲೆ ಎಲ್ಲಿಂದ ಶುರುವಾಗಿ ಎಲ್ಲಿಯತನಕ ಇಳಿಯುತ್ತದೆ ಎಂದು, ತಮ್ಮನ ಹೆಂಡತಿ ಕೇಳುತ್ತಿರುವಾಗಲೇ, ಒಂದೂ ಬಿಡದೆ ಹೇಳಿದರು.